ಕೈತೋಟದ ತರಗತಿ ಮೂರೇ ವಾರಕ್ಕೆ ನಿಲ್ಲದಿರಲು: ಬಡಾವಣೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಭಾನುವಾರ ಒಂದು ಕಾರ್ಯಾಗಾರ, ವೇದಿಕೆ ಮೇಲೊಬ್ಬ ತಜ್ಞರು, ಕೊನೆಗೆ ಎಲ್ಲರ ಕೈಗೂ ಒಂದೊಂದು ಟೊಮೆಟೊ ಸಸಿ, ಆಮೇಲೆ ಗುಂಪು ಫೋಟೊ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬಹುಪಾಲು ಸಸಿಗಳು ಒಣಗಿ, ಕುಂಡಗಳು ತಾರಸಿಯ ಮೂಲೆ ಸೇರಿರುತ್ತವೆ. "ನಮ್ಮ ಬಡಾವಣೆಯಲ್ಲೂ ಹೀಗೇ ಆಯಿತು, ಏನು ಮಾಡೋಣ?" ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಸಂಘಗಳು ಸಾಮಾನ್ಯವಾಗಿ ಸಸಿಯಿಂದ ಶುರುಮಾಡಿ, ಆಮೇಲೆ ಮಣ್ಣು ಹುಡುಕಿ, ಕಸದಿಂದ ಗೊಬ್ಬರ ಮಾಡುವ ವಿಷಯಕ್ಕೆ ಬರುವುದೇ ಇಲ್ಲ. ಈ ಕ್ರಮವನ್ನು ತಿರುಗಿಸಬೇಕು. ಜೊತೆಗೆ, ಒಂದು ದಿನದ ಕಾರ್ಯಾಗಾರದಿಂದ ಯಾರೂ ತೋಟ ಕಲಿಯುವುದಿಲ್ಲ. ಬಿತ್ತಿದ್ದು ಕೊಯ್ಲಿಗೆ ಬರುವವರೆಗೆ, ಅಂದರೆ ಕನಿಷ್ಠ ಹನ್ನೆರಡು ಭಾನುವಾರ, ಅದೇ ಜನ ಅದೇ ಕುಂಡದ ಮುಂದೆ ಕೂರಬೇಕು.

## ಹಂತ 1: ಮೊದಲು ಜನರನ್ನು ಆರಿಸಿ

ಎಂಟರಿಂದ ಹನ್ನೆರಡು ಮನೆ ಸಾಕು. ಐವತ್ತು ಮನೆ ಸೇರಿದರೆ ಅದು ಸಭೆಯಾಗುತ್ತದೆ, ಯಾರ ಕೈಗೂ ಮಣ್ಣು ಹತ್ತುವುದಿಲ್ಲ. ಹೆಚ್ಚು ಜನ ಬಂದರೆ ಎರಡನೇ ತಂಡಕ್ಕೆ ಹೆಸರು ಬರೆದುಕೊಳ್ಳಿ.

ಎಲ್ಲರೂ ಮರೆಯುವುದು ಒಂದಿದೆ. ಅಪಾರ್ಟ್‌ಮೆಂಟಿನ ಮಾಲಿ, ಕಾವಲುಗಾರ, ಮನೆಗೆಲಸದವರು, ಬೀದಿ ಗುಡಿಸುವ ಪೌರಕಾರ್ಮಿಕರು ಈ ತರಗತಿಯಲ್ಲಿ ಇರಲೇಬೇಕು. ಗಿಡಕ್ಕೆ ನೀರು ಹಾಕುವವರು ಅವರು, ಹಸಿ ಕಸ ಬುಟ್ಟಿಗೆ ಸುರಿಯುವವರು ಅವರು, ತರಗೆಲೆಗೆ ಬೆಂಕಿ ಇಡಬೇಕೋ ಬೇಡವೋ ಎಂದು ಬೆಳಿಗ್ಗೆ ಆರು ಗಂಟೆಗೆ ತೀರ್ಮಾನಿಸುವವರೂ ಅವರೇ. ಅವರ ಕೆಲಸದ ಹೊತ್ತಿಗೆ ತರಗತಿ ಇಟ್ಟು, ಆ ಒಂದೂವರೆ ಗಂಟೆಗೂ ಸಂಬಳ ಲೆಕ್ಕ ಹಾಕಿ ಎಂದು ಸಂಘವನ್ನು ಮೊದಲೇ ಒಪ್ಪಿಸಿ. ಅವರಲ್ಲಿ ಹಲವರು ಹಳ್ಳಿಯಲ್ಲಿ ಹೊಲ ಮಾಡಿ ಬಂದವರು. ಕಳೆ ತೆಗೆಯುವುದನ್ನೂ ಪಾತಿ ಮಾಡುವುದನ್ನೂ ಅವರೇ ಕಲಿಸಲಿ.

ಹಂಚಿಕೊಳ್ಳಲು ಬೇಕಾದ ಸಲಕರಣೆ ಇಷ್ಟೇ: ಒಂದು ಜರಡಿ, ಎರಡು ಕೈಸಲಿಕೆ, ಸಣ್ಣ ತೂತಿನ ಬಾಯಿಯಿರುವ ನೀರಿನ ಝಾರಿ, ಐದು ಲೀಟರಿನ ಸಿಂಪಡಿಕೆ ಯಂತ್ರ, ಕೈಗವಸು, ತೂತು ಕೊರೆಯುವ ಡ್ರಿಲ್. ಒಂದು ನೋಟ್‌ಬುಕ್ ಇಟ್ಟು ಯಾರು ಯಾವಾಗ ಒಯ್ದರು ಎಂದು ಬರೆದರೆ ಹನ್ನೆರಡು ಮನೆಯವರೂ ಬೇರೆ ಬೇರೆ ಖರೀದಿಸಬೇಕಿಲ್ಲ. ಮೊದಲ ವಾರವೇ ದುಬಾರಿ ಕಿಟ್ ಕೊಂಡುಬರುವವರನ್ನು ಮೆಲ್ಲಗೆ ತಡೆಯಿರಿ.

ಎಚ್ಚರಿಕೆಯ ಗುರುತು: ಮೂರನೇ ವಾರಕ್ಕೆ ಎಲ್ಲ ಕೆಲಸವೂ ಒಬ್ಬರ ಹೆಗಲಿಗೆ ಬಿದ್ದಿದ್ದರೆ ಆ ತಂಡ ಉಳಿಯುವುದಿಲ್ಲ. ಪ್ರತಿ ಭಾನುವಾರದ ಜವಾಬ್ದಾರಿಯನ್ನು ಎರಡು ಮನೆಗಳಿಗೆ ಸರದಿಯಂತೆ ಹಂಚಿಬಿಡಿ.

## ಹಂತ 2: ಯಾವಾಗ, ಎಲ್ಲಿ ಎಂದು ತೀರ್ಮಾನಿಸಿ

ಬೆಂಗಳೂರು, ಮೈಸೂರು, ತುಮಕೂರು ಕಡೆ ಜೂನ್ ಮೊದಲ ವಾರ ಅಥವಾ ಸೆಪ್ಟೆಂಬರ್ ಕೊನೆ ಒಳ್ಳೆಯ ಸಮಯ. ಕರಾವಳಿಯಲ್ಲಿ ಜೂನ್, ಜುಲೈನಲ್ಲಿ ಕುಂಡ ಇಟ್ಟರೆ ಗೊಬ್ಬರದ ಸಾರವೆಲ್ಲ ಮಳೆಗೆ ಕೊಚ್ಚಿಹೋಗುತ್ತದೆ, ಅಲ್ಲಿ ಸೆಪ್ಟೆಂಬರ್ ಆದಮೇಲೆ ಶುರುಮಾಡಿ. ಕಲಬುರಗಿ, ರಾಯಚೂರು, ಬಳ್ಳಾರಿಯವರು ಅಕ್ಟೋಬರಿಗೆ ಕಾಯುವುದೇ ಮೇಲು. ವಿಶ್ವ ಪರಿಸರ ದಿನ ಜೂನ್ 5ಕ್ಕೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಮಂಗಳೂರಿನಲ್ಲಿ ಆ ದಿನ ತರಕಾರಿ ಬೀಜ ಹಂಚಬೇಡಿ.

ಜಾಗ ನೋಡುವಾಗ ಬಿಸಿಲಿನ ಲೆಕ್ಕ ಮುಖ್ಯ. ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕಕ್ಕೆ ಒಂದೊಂದು ಫೋಟೊ ತೆಗೆಯಲು ಹೇಳಿ. ಕಾಯಿ ಬಿಡುವ ಗಿಡಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ಸೊಪ್ಪಿಗೆ ಮೂರ್ನಾಲ್ಕು ಗಂಟೆ ಸಾಕು. ಉತ್ತರ ದಿಕ್ಕಿನ ಬಾಲ್ಕನಿಯಲ್ಲಿ ಬದನೆ ಬೆಳೆಯಲು ಹೊರಟವರಿಗೆ ಮೊದಲ ದಿನವೇ ನಿಜ ಹೇಳಿಬಿಡಿ.

ತಾರಸಿಯಾದರೆ ತೂಕ ಲೆಕ್ಕ ಹಾಕಿ. ಹನ್ನೆರಡು ಅಂಗುಲದ ಒಂದು ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ನೀರುಂಡಾಗ ಸುಲಭವಾಗಿ 20-25 ಕೆ.ಜಿ. ತೂಗುತ್ತದೆ. ಜನ ಓಡಾಡುವ ತಾರಸಿಯನ್ನು ವಿನ್ಯಾಸ ಮಾಡುವಾಗ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೊರೆ ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಒಂದೇ ಕಡೆ ಒತ್ತೊತ್ತಾಗಿ ಚೀಲ ಜೋಡಿಸಿದರೆ ಆ ಮಿತಿ ಬೇಗ ದಾಟುತ್ತದೆ. ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿನಲ್ಲಿ ಇಡಿ, ಚೀಲದ ಕೆಳಗೆ ಇಟ್ಟಿಗೆ ಕೊಟ್ಟು ಗಾಳಿಯಾಡಲು ಬಿಡಿ. ಒಳಗಿನ ಸೀಲಿಂಗಿನಲ್ಲಿ ತೇವದ ಕಲೆಯೋ ಬಿರುಕೋ ಇರುವ ಹಳೆಯ ಮನೆಯಲ್ಲಿ ಎಂಜಿನಿಯರ್ ನೋಡದೆ ಒಂದು ಚೀಲವನ್ನೂ ಏರಿಸಬೇಡಿ.

ನೆಲದಲ್ಲೇ ಪಾತಿ ಮಾಡುವವರು ಮಣ್ಣು ಪರೀಕ್ಷೆ ಮಾಡಿಸಲಿ. ಐದಾರು ಕಡೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಅಂದರೆ ಸುಮಾರು 15 ಸೆಂ.ಮೀ. ಆಳಕ್ಕೆ ಅಗೆದು, ಗುಂಡಿಯ ಅಂಚಿನಿಂದ ಮೇಲಿನಿಂದ ಕೆಳತನಕ ಒಂದು ಸಮನಾದ ಪದರ ಕೆರೆದು, ಎಲ್ಲ ಬೆರೆಸಿ ನೆರಳಲ್ಲಿ ಒಣಗಿಸಿ. ಅದರಲ್ಲಿ ಅರ್ಧ ಕೆ.ಜಿ. ತೆಗೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲೋ ಕೊಡಿ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿ, ಬಯಲುಸೀಮೆಯ ಎರೆಮಣ್ಣು ಸಾಮಾನ್ಯವಾಗಿ ಕ್ಷಾರ. ವರದಿ ಕೈಗೆ ಬರುವ ಮುನ್ನ ಸುಣ್ಣವನ್ನೋ ಜಿಪ್ಸಮ್ಮನ್ನೋ ಸುರಿಯಬೇಡಿ. ಇನ್ನೊಂದು ಜಿಲ್ಲೆಯ ವೀಡಿಯೊ ನೋಡಿ ಸುಣ್ಣ ಹಾಕಿ ಕೆಟ್ಟ ಪಾತಿಗಳು ಕಡಿಮೆಯಿಲ್ಲ.

## ಹಂತ 3: ಬೀಜ ಮುಟ್ಟುವ ಮುನ್ನ ಕಸ ಮುಟ್ಟಿ

ಇಡೀ ತರಗತಿಯ ತಿರುಳು ಇಲ್ಲಿದೆ, ಜನ ಮೂಗು ಮುಚ್ಚಿಕೊಂಡು ಎದ್ದುಹೋಗುವುದೂ ಇಲ್ಲೇ. ಹಾಗಾಗಿ ಮೊದಲ ಎರಡು ಭಾನುವಾರ ಪೂರ್ತಿ ಇದಕ್ಕೇ ಇಡಿ.

ಪ್ರತಿ ಮನೆಗೆ ಮುಚ್ಚಳವಿರುವ 20 ಲೀಟರಿನ ಎರಡು ಹಳೆಯ ಬಕೆಟ್ ಬೇಕು. ಬಣ್ಣದ ಡಬ್ಬಿಯೂ ಆದೀತು, ಚೆನ್ನಾಗಿ ತೊಳೆದಿರಬೇಕು ಅಷ್ಟೆ. ಸುತ್ತಲೂ ತಳದಲ್ಲೂ ಪೆನ್ಸಿಲ್ ಗಾತ್ರದ ಹತ್ತಾರು ತೂತು ಕೊರೆಯಿರಿ. ಈ ಕೊರೆಯುವ ಕೆಲಸ ತರಗತಿಯಲ್ಲೇ, ಅವರವರ ಕೈಯಲ್ಲೇ ಆಗಲಿ. ಆಮೇಲಿನ ಕ್ರಮ ಹೀಗೆ:

1. ತಳಕ್ಕೆ ಎರಡು ಅಂಗುಲ ತೆಂಗಿನ ನಾರು ಅಥವಾ ಒಣ ಎಲೆ ಹಾಸಿ.
2. ಅಂದಂದಿನ ತರಕಾರಿ ಸಿಪ್ಪೆ, ಕಾಫಿ ಚರಟ, ಒಣಹೂವನ್ನು ಸಣ್ಣದಾಗಿ ಕತ್ತರಿಸಿ ಹಾಕಿ.
3. ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಪುಡಿಮಾಡಿದ ಒಣ ಎಲೆ ಮುಚ್ಚಿ. ಅಳತೆ ತೂಕದ್ದಲ್ಲ, ಬೊಗಸೆಯದು.
4. ಮೊದಲ ಸಲ ಮಾತ್ರ ಒಂದು ಲೋಟ ಹುಳಿಮಜ್ಜಿಗೆ ಅಥವಾ ಎರಡು ಹಿಡಿ ಹಳೆ ಗೊಬ್ಬರ ಸೇರಿಸಿ.
5. ಮೂರು ದಿನಕ್ಕೊಮ್ಮೆ ಕೋಲಿನಿಂದ ಬುಡದವರೆಗೆ ತಿರುವಿ.
6. ಬಕೆಟ್ ತುಂಬಿದ ಮೇಲೆ ಎರಡನೆಯದನ್ನು ಶುರುಮಾಡಿ, ಮೊದಲನೆಯದನ್ನು 30-45 ದಿನ ಸುಮ್ಮನೆ ಬಿಡಿ. ನಡುನಡುವೆ ತಿರುವಿದರೆ ಸಾಕು.

ಎಣ್ಣೆ ತುಂಬಿದ ಅಡುಗೆ, ಮಾಂಸ, ಮೂಳೆ, ಹಾಲು ಬೇಡ. ನಿಂಬೆ, ಕಿತ್ತಳೆ ಸಿಪ್ಪೆ ಅಲ್ಪಸ್ವಲ್ಪ ಇರಲಿ. ಬಡಗಿ ಅಂಗಡಿಯಿಂದ ಮರದ ಹೊಟ್ಟು ತರುವುದಾದರೆ ಪ್ಲೈವುಡ್ ಹೊಟ್ಟು ಬೆರೆತಿದೆಯೇ ಎಂದು ಕೇಳಿ. ಅದರಲ್ಲಿ ಅಂಟಿನ ರಾಸಾಯನಿಕ ಇರುತ್ತದೆ.

ಹದ ನೋಡುವುದಕ್ಕೆ ಕೈಯೇ ಸಾಕು. ಒಂದು ಹಿಡಿ ತೆಗೆದು ಹಿಂಡಿ: ಒಂದೆರಡು ಹನಿ ಜಿನುಗಿದರೆ ಸರಿ, ಧಾರೆ ಇಳಿದರೆ ಒದ್ದೆ ಹೆಚ್ಚು, ಕೈ ಬಿಟ್ಟೊಡನೆ ಉದುರಿದರೆ ನೀರು ಚಿಮುಕಿಸಬೇಕು. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು, ಬಕೆಟ್ ಮಗುಚಿ ಒಣ ಎಲೆ ಬೆರೆಸಿ. ಮೂಗಿಗೆ ಚುರ್ರೆನ್ನುವ ಅಮೋನಿಯಾ ವಾಸನೆಯೂ ಒಣ ಎಲೆ ಸಾಲದು ಎಂಬುದರ ಗುರುತೇ. ಬೂದು-ಬಿಳಿ ಬಣ್ಣದ ದಪ್ಪ ಹುಳ ಕಂಡು ಚೀರುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಬಹುತೇಕ ಅವು ಕಪ್ಪು ಸೈನಿಕ ನೊಣದ ಮರಿಗಳು. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತವೆ. ಅಸಹ್ಯವಾದರೆ ಒಣ ಎಲೆ ಹೆಚ್ಚಿಸಿ, ತಾನಾಗಿ ಕಡಿಮೆಯಾಗುತ್ತವೆ. ಅವುಗಳ ಮೇಲೆ ಫಿನಾಯಿಲ್ ಸುರಿದರೆ ಗೊಬ್ಬರ ಮಾಡುವ ಜೀವಾಣುಗಳೂ ಸಾಯುತ್ತವೆ, ಮತ್ತೆ ಮೊದಲಿನಿಂದ ಶುರು.

ಗೊಬ್ಬರ ಆಗಿದೆಯೇ ಎಂದು ಬಣ್ಣ ನೋಡಿ ತೀರ್ಮಾನಿಸಬೇಡಿ. ತೇವವಿರುವ ಒಂದು ಹಿಡಿಯನ್ನು ಕವರಿನಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಹುಳಿ ನಾತ ಬಂದರೆ ಇನ್ನೂ ಆಗಿಲ್ಲ. ಮಣ್ಣಿನ ವಾಸನೆ ಬಂದರೆ ಅದರಲ್ಲಿ ಹತ್ತು ಮೆಂತ್ಯ ಕಾಳು ಬಿತ್ತಿ. ಎಂಟು ಮೊಳೆತರೆ ಧೈರ್ಯವಾಗಿ ಬಳಸಿ. ಅರೆಬೆಂದ ಗೊಬ್ಬರ ಬೇರು ಸುಡುತ್ತದೆ, ಮೊದಲ ಬೆಳೆ ಸಾಯುವುದು ಹೆಚ್ಚಾಗಿ ಹೀಗೆಯೇ.

## ಹಂತ 4: ಮಣ್ಣಿನ ಮಿಶ್ರಣ

ಮನೆಯ ಗೊಬ್ಬರ ಹಣ್ಣಾಗಲು ಎರಡು ತಿಂಗಳಿಗೂ ಮೇಲೆ ಬೇಕು, ಅಷ್ಟು ದಿನ ಬರಿಗೈಲಿ ಕೂತರೆ ಜನ ಉಳಿಯುವುದಿಲ್ಲ. ಆದ್ದರಿಂದ ಮೂರನೇ ಭಾನುವಾರ ಎರೆಗೊಬ್ಬರ ಕೊಂಡು ಮೊದಲ ಬಿತ್ತನೆ ಮಾಡಿಸಿ, ಸ್ವಂತ ಗೊಬ್ಬರವನ್ನು ಎರಡನೇ ಬಿತ್ತನೆಗೆ ಇಡಿ.

ತಾರಸಿಗೆ ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ ಇಟ್ಟಿಗೆಯನ್ನು ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೊಮ್ಮೆ ತೊಳೆಯಿರಿ. ಅದರಲ್ಲಿ ಉಪ್ಪಿನಂಶ ಉಳಿದಿರುತ್ತದೆ. ಕಟ್ಟಡದ ಕೆಲಸದ ಪಕ್ಕದಿಂದ ಪುಕ್ಕಟೆ ಸಿಗುವ ಮಣ್ಣು ಬೇಡ, ಸಿಮೆಂಟು ಬೆರೆತಿರುತ್ತದೆ.

ಮಿಶ್ರಣ ತುಂಬಿದ ಚೀಲಕ್ಕೆ ಒಂದು ಚೊಂಬು ನೀರು ಹಾಕಿ ನೋಡಿ. ಒಂದೆರಡು ನಿಮಿಷದಲ್ಲಿ ಇಂಗಬೇಕು. ಮೇಲೇ ನಿಂತರೆ ಬಿತ್ತುವುದನ್ನು ನಿಲ್ಲಿಸಿ, ಚೀಲ ಸುರಿದು ಮತ್ತೆ ಬೆರೆಸಿ. ಈ ಪರೀಕ್ಷೆ ತಪ್ಪಿಸಿದವರೇ ಮುಂದೆ "ಎಲೆ ಹಳದಿಯಾಗುತ್ತಿದೆ" ಎಂದು ಫೋಟೊ ಕಳಿಸುವವರು.

## ಹಂತ 5: ಬಿತ್ತನೆ

ಮೊದಲ ಬೆಳೆಗೆ ಟೊಮೆಟೊ, ದೊಣ್ಣೆಮೆಣಸಿನಕಾಯಿ, ಹೂಕೋಸು ಬೇಡ. ಮೆಂತ್ಯ ಮೂರರಿಂದ ಐದು ದಿನಕ್ಕೆ ಮೊಳೆತು ಮೂರು ವಾರ ಕಳೆದರೆ ಕೊಯ್ಲಿಗೆ ಬರುತ್ತದೆ. ಹರಿವೆಗೆ ಸುಮಾರು 25-30 ದಿನ, ಮೂಲಂಗಿಗೆ 40-45 ದಿನ, ಬೆಂಡೆಗೆ 45-50 ದಿನ. ಈ ಕ್ರಮದಲ್ಲೇ ಬಿತ್ತಿಸಿದರೆ ತರಗತಿ ನಡೆಯುತ್ತಿರುವಾಗಲೇ ಮನೆಗೆ ಸೊಪ್ಪು ಬರುತ್ತದೆ, ಹಾಜರಿ ತಾನಾಗಿ ಉಳಿಯುತ್ತದೆ.

ಬೀಜದ ದಪ್ಪದ ಎರಡು ಮೂರು ಪಟ್ಟು ಆಳ, ಅಷ್ಟೆ. ಹರಿವೆಯಂಥ ಸಣ್ಣ ಬೀಜವನ್ನು ಮರಳಿನೊಂದಿಗೆ ಬೆರೆಸಿ ಉದುರಿಸಿ, ಮೇಲೆ ತೆಳುವಾಗಿ ಗೊಬ್ಬರ ಜರಡಿ ಹಿಡಿಯಿರಿ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಮೊಳೆಯಲು ಹತ್ತು ದಿನದ ಮೇಲಾದರೂ ಅವಸರಪಟ್ಟು ಕೆದಕಬೇಡಿ. ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ, ಮಕ್ಕಳ ಕೈಗೆ ಕೊಡಬೇಡಿ.

ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಒಳ್ಳೆಯ ಮೂಲ. ಬೆಂಡೆಯಲ್ಲಿ ಅರ್ಕಾ ಅನಾಮಿಕಾ, ಹರಿವೆಯಲ್ಲಿ ಅರ್ಕಾ ಸುಗುಣ ಅಲ್ಲಿಯ ತಳಿಗಳೇ. ಟೊಮೆಟೊ ಬೆಳೆಯಲೇಬೇಕೆಂದರೆ ಎರಡನೇ ಸುತ್ತಿನಲ್ಲಿ ಬೆಳೆಯಿರಿ.

## ಹಂತ 6: ನೀರು

ಕೈತೋಟದಲ್ಲಿ ಬಾಯಾರಿ ಸಾಯುವ ಗಿಡಕ್ಕಿಂತ ಮುಳುಗಿ ಸಾಯುವ ಗಿಡ ಹೆಚ್ಚು. ನೀರು ಹಾಕುವ ಮುನ್ನ ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡುವುದನ್ನು ಪ್ರತಿ ವಾರವೂ ಮಾಡಿಸಿ, ಮೂರನೇ ವಾರಕ್ಕೆ ಅಭ್ಯಾಸವಾಗುತ್ತದೆ. ತೇವವಿದ್ದರೆ ಹಾಕಬೇಡಿ. ಮಣ್ಣಿನ ಮೇಲೆ ಎರಡು ಅಂಗುಲ ಒಣ ಎಲೆಯ ಮುಚ್ಚಿಗೆ ಹಾಸಿದರೆ ನೀರಿನ ಖರ್ಚು ಚೆನ್ನಾಗಿ ಇಳಿಯುತ್ತದೆ. ಮುಚ್ಚಿಗೆ ಕಾಂಡಕ್ಕೆ ತಾಗದಿರಲಿ.

ಯಾವ ನೀರು ಎಂಬುದೂ ಪಾಠವೇ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲೂ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶ ಹೊರಡಿಸಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಗಿಡಕ್ಕೆ ಒಳ್ಳೆಯದು, ಉಪ್ಪು ಹಾಕಿರಬಾರದು ಅಷ್ಟೆ. ಬಟ್ಟೆ ತೊಳೆದ ನೀರು ಸೊಪ್ಪಿಗೆ ಬೇಡ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಒಟ್ಟಾಗಿರುತ್ತದೆ, ಕುಂಡಕ್ಕೆ ದಿನವೂ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ವಾಟರ್ ಸಾಫ್ಟನರ್ ದಾಟಿ ಬಂದ ನೀರಿನಲ್ಲಿ ಸೋಡಿಯಂ ಇರುತ್ತದೆ, ಅದು ಇನ್ನೂ ಕೆಟ್ಟದ್ದು.

ಮಳೆಯ ಲೆಕ್ಕವನ್ನು ಸೀಮೆಸುಣ್ಣ ಹಿಡಿದು ತಾರಸಿಯ ಮೇಲೇ ಬರೆದು ತೋರಿಸಿ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ಮೂವತ್ತು-ನಲವತ್ತು ಅಡಿಯ ನಿವೇಶನದ ತುಂಬ ತಾರಸಿಯಿದ್ದರೆ ಸುಮಾರು 111 ಚದರ ಮೀಟರ್. ಹತ್ತು ಮಿ.ಮೀ. ಮಳೆಗೆ ಸಾವಿರ ಲೀಟರಿಗೂ ಮೇಲೆ ಬೀಳುತ್ತದೆ. ಒಂದು ಡ್ರಮ್ ಹಿಡಿದಿಟ್ಟು, ಉಳಿದದ್ದನ್ನು ಇಂಗುಗುಂಡಿಗೆ ಬಿಡಿ.

ಕುಂಡದ ಕೆಳಗಿನ ತಟ್ಟೆಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ಉಜ್ಜಿ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು. ಡ್ರಮ್ಮಿಗೆ ಹತ್ತಿ ಬಟ್ಟೆ ಕಟ್ಟಿ. ಸೊಳ್ಳೆಯ ನೆಪದಲ್ಲಿ ಇಡೀ ತಾರಸಿ ತೋಟ ತೆಗೆಸಿದ ಸಂಘಗಳಿವೆ, ಆ ಅವಕಾಶ ಕೊಡಬೇಡಿ.

## ಹಂತ 7: ಹುಳ ಮತ್ತು ರೋಗ

"ಏನು ಹೊಡೀಬೇಕು?" ಎಂಬುದು ಮೊದಲ ಪ್ರಶ್ನೆಯಾದರೆ ಪಾಠ ಎಲ್ಲೋ ತಪ್ಪಿದೆ. ವಾಟ್ಸ್‌ಆ್ಯಪ್ ಗುಂಪಿಗೆ ಒಂದು ನಿಯಮ ಮಾಡಿ: ಪ್ರಶ್ನೆ ಕೇಳುವವರು ಇಡೀ ಗಿಡದ ಒಂದು ಫೋಟೊ, ಎಲೆಯ ಕೆಳಭಾಗದ ಒಂದು ಫೋಟೊ, ಕೊನೆಯ ಸಲ ನೀರು ಹಾಕಿದ ದಿನ ಈ ಮೂರನ್ನೂ ಕಳಿಸಬೇಕು. ಅರ್ಧಕ್ಕರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಕೆಳಗಿನ ಹಳೆ ಎಲೆಗಳು ಮಾತ್ರ ಹಳದಿಯಾದರೆ ಸಾರಜನಕ ಕಡಿಮೆ, ಗೊಬ್ಬರ ಕೊಡಿ. ಮಣ್ಣು ಒದ್ದೆಯಾಗಿದ್ದು ಗಿಡವೆಲ್ಲ ಹಳದಿಯಾದರೆ ಬೇರು ಉಸಿರುಕಟ್ಟಿದೆ, ನೀರು ನಿಲ್ಲಿಸಿ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ, ಗಡಸು ಬೋರ್‌ವೆಲ್ ನೀರಿರುವ ಕಡೆ ಇದು ಮಾಮೂಲು. ಮೆಣಸಿನ ಎಲೆ ಮುರುಟಿದರೆ ರಸ ಹೀರುವ ಸಣ್ಣ ಕೀಟ ಥ್ರಿಪ್ಸ್ ಅಥವಾ ನುಸಿ. ಟೊಮೆಟೊ ತಳ ಕಪ್ಪಾಗಿ ಕೊಳೆತರೆ ಅದು ಹುಳವೇ ಅಲ್ಲ. ಒಂದು ದಿನ ನೀರು, ಮೂರು ದಿನ ಉಪವಾಸ ಎಂಬಂತೆ ನಡೆದುಕೊಂಡಾಗ ಸುಣ್ಣದಂಶ ಕಾಯಿಗೆ ತಲುಪುವುದಿಲ್ಲ. ಎಳೆ ಸಸಿ ಬುಡದಲ್ಲಿ ಕೊಳೆತು ಮಗುಚಿದರೆ ಒತ್ತಾಗಿ ಬಿತ್ತಿದ್ದೀರಿ, ಸಂಜೆ ಹೊತ್ತು ನೀರು ಸುರಿದಿದ್ದೀರಿ ಎಂದರ್ಥ.

ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಕಂಡಾಗ ಇರುವೆ ಸಾಲನ್ನೂ ಹುಡುಕಿ. ಇರುವೆಗಳು ಸಿಹಿದ್ರವಕ್ಕಾಗಿ ಅವನ್ನು ದನ ಮೇಯಿಸಿದಂತೆ ಸಾಕುತ್ತವೆ. ಮೊದಲು ರಭಸದ ನೀರಲ್ಲಿ ತೊಳೆಯಿರಿ, ಹಳೆ ಬ್ರಷ್ಷಿನಲ್ಲಿ ಉಜ್ಜಿ, ತೀರಾ ಹತ್ತಿದ ಟೊಂಗೆ ಕತ್ತರಿಸಿ. ಅದಕ್ಕೂ ಬಗ್ಗದಿದ್ದರೆ ಲೀಟರಿಗೆ 3-5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ. ಒಂದೆಲೆಗೆ ಹೊಡೆದು ಒಂದು ದಿನ ಕಾದು ನೋಡಿ. ಸಂಜೆ ಮಾತ್ರ, ಜೇನುನೊಣ ಗೂಡಿಗೆ ಮರಳಿದ ಮೇಲೆ ಸಿಂಪಡಿಸಿ. ಬೇವು ಎಂದಾಕ್ಷಣ ಎಷ್ಟಾದರೂ ಹಾಕಬಹುದೆಂದು ಗಾಢ ಮಾಡಿದರೆ ಎಲೆ ಸುಡುತ್ತದೆ.

## ಹಂತ 8: ಗೇಟಿನ ಹೊರಗಿನ ನೆಲ

ಒಂಬತ್ತನೇ ಭಾನುವಾರ ಕುಂಡ ಬಿಟ್ಟು ಬೀದಿಗೆ ಇಳಿಯಿರಿ. ತರಗೆಲೆ ಸುಡುವ ಜಾಗಗಳನ್ನು ಗುರುತುಮಾಡಿ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಬೀದಿಯಲ್ಲಿ ಕಸ ಸುಡುವುದಕ್ಕೆ ನಿಷೇಧವಿತ್ತು. ನಿಯಮ ಓದಿಹೇಳುವುದಕ್ಕಿಂತ ಎಲೆ ಹಾಕಲು ಜಾಗ ಮಾಡಿಕೊಟ್ಟರೆ ಕೆಲಸ ಬೇಗ ಆಗುತ್ತದೆ. ಪಾರ್ಕಿನ ಮೂಲೆಯಲ್ಲಿ ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ತಂತಿಜಾಲರಿಯ ಗೂಡು ನಿಲ್ಲಿಸಿ, ಎಲೆ ತುಳಿದು ತುಂಬಿ, ವಾರಕ್ಕೊಮ್ಮೆ ನೆನೆಸಿ. ಆರು ತಿಂಗಳಿಂದ ವರ್ಷದೊಳಗೆ ಎಲೆಗೊಬ್ಬರ ಸಿಗುತ್ತದೆ. ನಿಮ್ಮ ಬಕೆಟ್‌ಗಳಿಗೆ ಬೇಕಾದ ಒಣ ಎಲೆಯೂ ಅಲ್ಲೇ.

ರಸ್ತೆಬದಿಯ ಮರದ ಬುಡಕ್ಕೆ ಕಾಂಕ್ರೀಟ್ ಹತ್ತಿದ್ದರೆ ನೀವೇ ಹಾರೆ ಹಿಡಿಯಬೇಡಿ, ಬೇರಿಗೆ ಪೆಟ್ಟಾಗುತ್ತದೆ. ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಡಿ. ಮರ ಕಡಿಯಲಂತೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾಲುದಾರಿಯ ಕಳೆಗೆ ಕಳೆನಾಶಕ ಹೊಡೆಯುವುದನ್ನು ನಿಲ್ಲಿಸಿ. ಮಳೆ ಬಂದರೆ ಅದು ಚರಂಡಿ, ರಾಜಕಾಲುವೆ ದಾಟಿ ಕೆರೆ ಸೇರುತ್ತದೆ.

ಖಾಲಿ ನಿವೇಶನದ ಪಾರ್ಥೇನಿಯಂ (ಕಾಂಗ್ರೆಸ್ ಕಳೆ) ಅನ್ನು ಹೂ ಬಿಡುವ ಮುನ್ನ, ಮಳೆ ಬಂದು ಮಣ್ಣು ಮೆತ್ತಗಿರುವಾಗ ಬೇರುಸಹಿತ ಕೀಳಿ. ಕೈಗವಸು, ಮಾಸ್ಕ್, ಉದ್ದ ತೋಳಿನ ಅಂಗಿ ಕಡ್ಡಾಯ. ಅಸ್ತಮಾ, ಚರ್ಮದ ಅಲರ್ಜಿ ಇರುವವರು ಹತ್ತಿರ ಬರಬಾರದು. ಹೂ ಬಿಟ್ಟಿದ್ದನ್ನು ಗೊಬ್ಬರಕ್ಕೆ ಹಾಕಿದರೆ ಬೀಜವನ್ನು ಬಡಾವಣೆಗೆಲ್ಲ ಹಂಚಿದಂತೆಯೇ. ಎಲೆಯನ್ನು ತೂತು ಮಾಡುವ ಸಣ್ಣ ಪಟ್ಟೆಪಟ್ಟೆ ಜೀರುಂಡೆ ಕಂಡರೆ ಕೊಲ್ಲಬೇಡಿ. 1984ರಲ್ಲಿ ಈ ಕಳೆಯ ಹತೋಟಿಗೆಂದೇ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕನ್ ಜೀರುಂಡೆಯ ಸಂತತಿ ಅದು. ನೆಲ ಮುಚ್ಚಲು ನರ್ಸರಿಯವರು ಕೊಡುವ ಹಳದಿ ಹೂವಿನ ವೆಡೇಲಿಯಾವನ್ನು ಒಪ್ಪಬೇಡಿ, ಬೇಲಿ ದಾಟಿ ತಾನೇ ಹಬ್ಬುತ್ತದೆ.

## ಹಂತ 9: ಬೀಜ ಕಟ್ಟುವುದು, ಮುಂದಿನ ತಂಡ

ಪ್ರತಿ ಮನೆಯೂ ಒಂದು ಬೆಂಡೆ ಗಿಡ, ಒಂದು ಹುರುಳಿಕಾಯಿ ಬಳ್ಳಿ, ಎರಡು ಹರಿವೆಯನ್ನು ಕೊಯ್ಯದೆ ಬೀಜಕ್ಕೆ ಬಿಡಲಿ. ಎಫ್-1 ಹೈಬ್ರಿಡ್ (ಎರಡು ತಳಿ ಬೆರೆಸಿ ಪಡೆದ ಮೊದಲ ಪೀಳಿಗೆ) ಎಂದು ಬರೆದ ಪೊಟ್ಟಣದ ಗಿಡದಿಂದ ಬೀಜ ತೆಗೆದರೆ ತಾಯಿಯಂತೆ ಬರುವುದಿಲ್ಲ. ಅಕ್ಕಪಕ್ಕ ಬೆಳೆದ ಸೋರೆ ತಳಿಗಳು ಪರಸ್ಪರ ಬೆರಕೆಯಾಗುತ್ತವೆ, ಹೊಸಬರು ಅದನ್ನು ಬಿಡುವುದು ಒಳಿತು. ಟೊಮೆಟೊ ಬೀಜವನ್ನು ಲೋಳೆ ಸಮೇತ ಎರಡು ಮೂರು ದಿನ ನೆನೆಸಿ, ಹುಳಿ ಬಂದಮೇಲೆ ತೊಳೆದು ನೆರಳಲ್ಲಿ ಒಣಗಿಸಿ. ಒಣ ಬೂದಿ ಬೆರೆಸಿ ಗಾಜಿನ ಸೀಸೆಯಲ್ಲಿಟ್ಟು, ತಳಿ, ತಿಂಗಳು, ಯಾವ ಮನೆಯದು ಎಂದು ಚೀಟಿ ಅಂಟಿಸಿ.

ಹನ್ನೆರಡನೇ ಭಾನುವಾರ ಹೊಸ ತಂಡದವರನ್ನೂ ಕರೆಯಿರಿ. ಅತಿಥಿ ಭಾಷಣ ಬೇಡ. ಹಳೆ ತಂಡದ ಎರಡು ಮನೆಯವರು ತಮ್ಮ ಹಣ್ಣಾದ ಗೊಬ್ಬರದ ಬಕೆಟ್ ತಂದು ಸುರಿದು, ಕೈಹಾಕಿ ತೋರಿಸಲಿ. ಹೊಸಬರು ಆ ದಿನ ಒಯ್ಯಬೇಕಾದ್ದು ಸಸಿಯಲ್ಲ, ತೂತು ಕೊರೆದ ಎರಡು ಖಾಲಿ ಬಕೆಟ್ ಮತ್ತು ಒಂದು ಚೀಲ ಒಣ ಎಲೆ.

ಏಪ್ರಿಲ್, ಮೇ ತಿಂಗಳಲ್ಲಿ ಹೊಸ ತಂಡ ಶುರುಮಾಡಬೇಡಿ. ಹಳೆ ತಂಡದವರು ಬಸಳೆ, ದಂಟು, ಬೆಂಡೆ ಮಾತ್ರ ಇಟ್ಟುಕೊಂಡು ಮೇಲೆ ನೆರಳುಬಲೆ ಕಟ್ಟಲಿ. ಉಳಿದ ಚೀಲಗಳ ಮಣ್ಣನ್ನು ಸುರಿದು, ಬೇರು ಆಯ್ದು, ಒಂದು ವಾರ ಬಿಸಿಲಿಗೆ ಹರಡಿ, ಮೂರರಲ್ಲೊಂದು ಪಾಲು ಹೊಸ ಗೊಬ್ಬರ ಬೆರೆಸಿ ಚೀಲದ ಬಾಯಿ ಕಟ್ಟಿಡಿ. ಮುಂಗಾರಿನ ಮೊದಲ ಬಿತ್ತನೆಗೆ ಮಣ್ಣು ಕೊಳ್ಳುವ ಖರ್ಚು ಇರುವುದಿಲ್ಲ.